ಗವಾಕ್ಷದ ರೆಪ್ಪೆ

ಸಂಸ್ಕೃತದಲ್ಲಿ ಕಿಟಕಿಗೆ ವಾತಾಯನವೆಂಬ ಹೆಸರಿದೆ. ಗಾಳಿಯ ದಾರಿ ಎಂದು ಅದರ ಅರ್ಥ. ಗವಾಕ್ಷವೆಂಬುದು ಇನ್ನೊಂದು ಹೆಸರು. ಗೋವಿನ ಕಣ್ಣಿನಂತಿರುವುದು ಎಂದರ್ಥ. ಅಕ್ಷಿ ಶಬ್ದವು ನೋಡುವ ಇಂದ್ರಿಯವೆಂಬ ಅರ್ಥವನ್ನು ಬಿಟ್ಟ ಕಡೆಯಲ್ಲಿಯೇ ಸಮಾಸದ ಕೊನೆಗೆ ಅಕ್ಷವಾಗುವುದೆಂದು ಪಾಣಿನಿಯ ವಿಧಿ. ಆದುದರಿಂದ ಗವಾಕ್ಷವು ಆಕಾರದಲ್ಲಿ ಮಾತ್ರ ಕಣ್ಣು, ಅದು ನೋಡುವುದಿಲ್ಲ. ಇಂಗ್ಲಿಷಿನ ‘ವಿಂಡೋ’ ಶಬ್ದವೂ ಗಾಳಿಯ ಕಣ್ಣೆಂಬ ಅರ್ಥದ ಹಳೆಯ ನಾರ್ಸ್ ಭಾಷೆಯ ಪದದಿಂದ ಬಂದುದು. ಕಡಲುಗಳಾಚೆಯ ಎರಡು ಜನಾಂಗಗಳು ಗೋಡೆಯ ರಂಧ್ರದಲ್ಲಿ ಕಣ್ಣನ್ನೇ ಕಂಡುವು. ಆದರೆ ಆ ಕಣ್ಣಿಗೆ ರೆಪ್ಪೆಯನ್ನು ಹೊಲಿದವರು ಬೇರೆಯವರು.

ತೀರ್ಥಹಳ್ಳಿ ಸೀಮೆಯ ವೃದ್ಧ ಗೃಹಸ್ಥರೊಬ್ಬರು 2019ರ ಬೇಸಗೆಯಲ್ಲಿ ಸಪತ್ನೀಕರಾಗಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿದ್ದ ಮಗನ ಮನೆಗೆ ಹೋದರು. ಮಗನು ಎಂಜಿನಿಯರು. ಮನೆಯು ಎರಡನೆಯ ಅಂತಸ್ತಿನಲ್ಲಿ. ಎದುರಿಗೆ ಕಿರಿದಾದ ಬೀದಿ. ಹೋದ ದಿನವೇ ಸಂಜೆ ಅವರಿಗೆ ವಿಚಿತ್ರವಾದೊಂದು ಸದ್ದು ಕೇಳಿಸಿತು. ಒಂದು ಮನೆಯಲ್ಲಿ ಗರಗರನೆ ಏನೋ ಇಳಿಯಿತು. ಪಕ್ಕದ ಮನೆಯಲ್ಲಿ ಇಳಿಯಿತು. ಕ್ಷಣಗಳಲ್ಲಿ ಬೀದಿಯ ಕಿಟಕಿಗಳೆಲ್ಲ ಮುಚ್ಚಿಹೋದುವು. “ಅಂಗಡಿಬೀದಿಯೇನು ಇದು?” ಎಂದು ಅವರು ಕೇಳಿದರಂತೆ. ನಮ್ಮ ಪೇಟೆಗಳಲ್ಲಿ ಅಂಗಡಿಯವರು ಎಳೆಯುವ ಶಟರಿನ ಸದ್ದೇ ಅದು.

ಆ ದೇಶದಲ್ಲಿ ಇದನ್ನು ರೋಲ್‌ಲಾಡೆನ್ ಎನ್ನುತ್ತಾರೆ. ಮರದ, ಅಲ್ಯುಮಿನಿಯಮಿನ ಅಥವಾ ಪ್ಲಾಸ್ಟಿಕ್ಕಿನ ಕಿರಿದಾದ ಅಡ್ಡಹಲಗೆಗಳನ್ನು ಒಂದಕ್ಕೊಂದು ಕೊಂಡಿಯಂತೆ ಸೇರಿಸಿ, ಕಿಟಕಿಯ ಮೇಲ್ಗಡೆ ಒಂದು ಪೆಟ್ಟಿಗೆಯೊಳಗಿನ ದಂಡಕ್ಕೆ ಸುತ್ತಿರುತ್ತಾರೆ. ಒಳಗಡೆ ಗೋಡೆಯ ಮಗ್ಗುಲಲ್ಲಿ ನವಾರಿನಂಥ ಲಾಡಿಯೊಂದು ತೂಗುತ್ತದೆ. ಅದನ್ನೆಳೆದರೆ ಏಳುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಪೂರ್ತಿ ಇಳಿಸದೆ ಸ್ವಲ್ಪ ಮೇಲೆಯೇ ನಿಲ್ಲಿಸಿದರೆ ಹಲಗೆಗಳ ನಡುವಿನ ಸೀಳುಗಳಿಂದ ಬೆಳಕೂ ಗಾಳಿಯೂ ಬರುವುದುಂಟು.

ಮೊದಲ ವಾರ ವೃದ್ಧರಿಗೆ ಅದು ಶತ್ರುವಾಯಿತು. ಜೂನ್ ತಿಂಗಳಲ್ಲಿ ಆ ಊರಿನ ಸೂರ್ಯೋದಯ ಬೆಳಗಿನ 5-20ರ ಹೊತ್ತಿಗೆ. ಅಸ್ತಮಾನ ರಾತ್ರಿ 9-30ರ ಸುಮಾರಿಗೆ. ಮೊಮ್ಮಗಳು ಎಂಟಕ್ಕೆ ಮಲಗಬೇಕು, ಹೊರಗೆ ಹಗಲು. ಆದುದರಿಂದ ಶಟರನ್ನಿಳಿಸಿ ಕೃತಕವಾಗಿ ರಾತ್ರಿಯನ್ನು ಮಾಡುತ್ತಿದ್ದರು. ಆದರೆ ಅರುಣೋದಯವನ್ನು ನೋಡಿ ಏಳುವ ಅಭ್ಯಾಸದವರಿಗೆ ಆ ಕತ್ತಲೆಯಲ್ಲಿ ಕಾಲಜ್ಞಾನವೇ ತಪ್ಪಿತು. ನಸುಕಿನಲ್ಲಿ ಎದ್ದು ಲಾಡಿಯನ್ನೆಳೆದರೆ ಆ ಸದ್ದಿಗೆ ಮಗು ಎಚ್ಚರಗೊಂಡು ಅಳುವುದು. ಸೊಸೆಯು ಬಾಯಿಬಿಟ್ಟು ಏನೂ ಹೇಳಲಿಲ್ಲ. ವೃದ್ಧರ ಪತ್ನಿಯೇ, “ಗಡಿಯಾರ ನೋಡಿ ಸಂಧ್ಯೆ ಮಾಡಿದರೆ ಸೂರ್ಯದೇವ ಬೇಡ ಅಂತಾನೆಯೇ?” ಎಂದು ತೀರ್ಪುಕೊಟ್ಟರು. ಅಂದಿನಿಂದ ಅವರ ಕೋಣೆಯ ಶಟರು ಒಂದು ಗೇಣು ಮೇಲೆಯೇ ನಿಂತಿತು.

ಜುಲೈ ಕೊನೆಗೆ ಸೆಕೆ ಬಂದಿತು. ಆ ತಿಂಗಳ 25ರಂದು ದೇಶದ ಪಶ್ಚಿಮದ ಡ್ಯೂಯಿಸ್‌ಬುರ್ಗಿನಲ್ಲಿ 41.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅಲ್ಲಿನ ಮನೆಗಳು ಚಳಿಗಾಗಿ ಕಟ್ಟಿದವು, ತಂಪುಯಂತ್ರವುಳ್ಳವು ವಿರಳ. ಅತ್ತೆಯವರು ಊರಿನ ರೂಢಿಯಂತೆ ಮಧ್ಯಾಹ್ನ ಕಿಟಕಿಗಳನ್ನೆಲ್ಲ ತೆರೆದುಬಿಟ್ಟರು. ಮನೆ ಕಾದ ಕಾವಲಿಯಾಯಿತು. ಸೊಸೆ ಓಡಿಬಂದು, “ಹಗಲೆಲ್ಲ ಶಟರು ಇಳಿಸಿರಬೇಕು ಅತ್ತೆ, ರಾತ್ರಿ ತಣ್ಣಗಾದ ಮೇಲೆ ತೆಗೆಯಬೇಕು” ಎಂದಳು. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಬಿಸಿಲು ನೆಲಕ್ಕೂ ಗೋಡೆಗೂ ತಗುಲಿ ಶಾಖವಾದ ಬಳಿಕ ಆ ಶಾಖವನ್ನು ಹೊರಗೆ ಬಿಡುವುದಿಲ್ಲ. ಒಳಗಿನ ಪರದೆಯಿಂದ ಅಷ್ಟಾಗಿ ಪ್ರಯೋಜನವಿಲ್ಲ, ಏಕೆಂದರೆ ಬಿಸಿಲು ಅಷ್ಟರಲ್ಲಿಯೇ ಗಾಜನ್ನು ದಾಟಿರುತ್ತದೆ. ತಡೆಯುವುದಾದರೆ ಹೊರಗೇ ತಡೆಯಬೇಕು. ವೃದ್ಧರಿಗೆ ಇದು ತಟ್ಟನೆ ಅರ್ಥವಾಯಿತು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುನ್ನ ಅಡಿಕೆಯ ಸೋಗೆಯ ತಟ್ಟಿಯನ್ನು ಕಟ್ಟುವುದು ಗೋಡೆಯ ಹೊರಮಗ್ಗುಲಿಗೇ ಹೊರತು ಒಳಗಲ್ಲವಷ್ಟೆ.

ಚಳಿಗಾಲದಲ್ಲಿಯೂ ಅದೇ ಶಟರು ಗಾಜಿನ ಹೊರಗೆ ಒಂದು ಪದರ ನಿಶ್ಚಲವಾದ ಗಾಳಿಯನ್ನು ಹಿಡಿದಿಟ್ಟು ಒಳಗಿನ ಬೆಚ್ಚಗನ್ನು ಕಾಯುತ್ತದೆ. ಮೇಲಿನ ಪೆಟ್ಟಿಗೆಯನ್ನೇ ಸರಿಯಾಗಿ ಮುಚ್ಚದಿದ್ದರೆ ಅಲ್ಲಿಂದಲೇ ಚಳಿ ನುಗ್ಗುವುದುಂಟು. ಹಳೆಯ ಮನೆಗಳಲ್ಲಿ ಇದು ದೊಡ್ಡ ದೋಷ.

ಕಳ್ಳರ ವಿಷಯ ಇನ್ನೊಂದು. ಪ್ಲಾಸ್ಟಿಕ್ಕಿನ ಸಾಮಾನ್ಯ ಶಟರನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿ ಏರಿಸಬಹುದು. ಮೇಲೇಳದಂತೆ ತಡೆಯುವ ಅಗುಳಿಯಿಲ್ಲದಿದ್ದರೆ ಅದು ಹೆಸರಿಗೆ ಮಾತ್ರ ರಕ್ಷೆ. ಇದಲ್ಲದೆ ಅಲ್ಲಿನ ಪೋಲೀಸರ ಬುದ್ಧಿವಾದವೊಂದುಂಟು: ರಾತ್ರಿ ಇಳಿಸಿರಿ, ಹಗಲು ಇಳಿಸಬೇಡಿರಿ, ಹಗಲು ಮುಚ್ಚಿದ ಶಟರು ಮನೆಯಲ್ಲಿ ಯಾರೂ ಇಲ್ಲವೆಂದು ಸಾರುತ್ತದೆ. ಸೆಕೆಯ ಶಾಸ್ತ್ರ ಹಗಲು ಮುಚ್ಚೆನ್ನುವುದು, ಕಳ್ಳರ ಶಾಸ್ತ್ರ ಹಗಲು ತೆರೆಯೆನ್ನುವುದು! ಒಂದೇ ವಸ್ತುವಿಗೆ ವಿಧಿಯೂ ನಿಷೇಧವೂ ಬಂದರೆ ಮೀಮಾಂಸಕರು ವಿಷಯವಿಭಾಗ ಮಾಡುತ್ತಾರೆ. ಸೊಸೆಯೂ ಹಾಗೆಯೇ ಮಾಡಿದ್ದಳು: ಬಿಸಿಲು ಬೀಳುವ ಕಡೆಯದನ್ನು ಮಾತ್ರ ಮುಚ್ಚಿ ಬೀದಿಯ ಕಡೆಯದನ್ನು ಅರ್ಧ ತೆರೆದಿಡುವುದು.

ಎದುರು ಮನೆಯ ಕೆಳಗಿನ ಅಂತಸ್ತಿನಲ್ಲಿ ವೃದ್ಧೆಯೊಬ್ಬಳು ಒಂಟಿಯಾಗಿದ್ದಳು. ಬೆಳಗ್ಗೆ ಏಳು ಗಂಟೆಗೆ ಸರಿಯಾಗಿ ಅವಳ ಶಟರು ಏಳುವುದು. ಬಾಲ್ಕನಿಯಲ್ಲಿ ಜಪ ಮುಗಿಸಿ ಕುಳಿತ ವೃದ್ಧರಿಗೂ ಅವಳಿಗೂ ಭಾಷೆಯ ಸಂಬಂಧವಿಲ್ಲ. ಶಟರೆದ್ದಾಗ ಅವಳು ಕೈಯೆತ್ತುವಳು, ಇವರು ಕೈಮುಗಿಯುವರು. ಆಗಸ್ಟಿನ ಒಂದು ದಿನ ಏಳಾಯಿತು, ಏಳೂವರೆಯಾಯಿತು, ಎಂಟಾಯಿತು, ಶಟರು ಏಳಲಿಲ್ಲ. ವೃದ್ಧರು ಒಳಗೆ ಬಂದು ಹೇಳಿದರು. ಮಗನು ಕೆಲಸಕ್ಕೆ ಹೋಗಿದ್ದನು. “ಮಾವ, ಇಲ್ಲಿ ಹಾಗೆಲ್ಲ ಹೋಗಿ ಬಾಗಿಲು ತಟ್ಟಿದರೆ ತಪ್ಪು ತಿಳಿಯುತ್ತಾರೆ. ಊರಿಗೆ ಹೋಗಿರಬಹುದು” ಎಂದು ಸೊಸೆ ಅನುಮಾನಿಸಿದಳು. “ನಿನ್ನೆ ಸಂಜೆ ಇಳಿಸಿದ್ದನ್ನು ನಾನೇ ನೋಡಿದ್ದೇನಮ್ಮಾ. ತಪ್ಪು ತಿಳಿದರೆ ನನ್ನ ಮೇಲೆ ಹೇಳು” ಎಂದರು ವೃದ್ಧರು. ಅವಳು ಒಲೆಯಾರಿಸಿ ಕೆಳಗಿಳಿದಳು. ಗಂಟೆಯೊತ್ತಿದರೆ ಉತ್ತರವಿಲ್ಲ. ಮೇಲಿನ ಅಂತಸ್ತಿನವರಲ್ಲಿ ಬೀಗದಕೈ ಇದ್ದಿತು. ಒಳಗೆ ಹೋಗಿ ನೋಡಿದರೆ ವೃದ್ಧೆ ನಡುರಾತ್ರಿಯಿಂದ ಬಚ್ಚಲುಮನೆಯ ನೆಲದ ಮೇಲೆ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು. ಬಹಳ ಕೂಗಿದಳಂತೆ. ಇಳಿಸಿದ ಶಟರುಗಳಿಂದಾಚೆ ಆ ಕೂಗು ಬರಲಿಲ್ಲ. 112ಕ್ಕೆ ಕರೆ ಹೋಯಿತು, ವಾಹನ ಬಂದಿತು.

ಆ ಬೀದಿಯ ಹಳಬರು ಇದರಲ್ಲಿ ಆಶ್ಚರ್ಯಪಡಲಿಲ್ಲ. ನೆರೆಯ ಮುದುಕರ ಶಟರು ಬೆಳಗ್ಗೆ ಎದ್ದಿತೇ ಎಂದು ನೋಡುವುದು ಅಲ್ಲಿ ಹಳೆಯ ವಾಡಿಕೆಯಂತೆ. ಆಚೆಯ ಮನೆಯವರು ಅಂದು ಊರಲ್ಲಿರಲಿಲ್ಲ, ಅಷ್ಟೆ.

ವೀಸಾದ ತೊಂಬತ್ತು ದಿನ ಮುಗಿದು ವೃದ್ಧ ದಂಪತಿಗಳು ತೀರ್ಥಹಳ್ಳಿಗೆ ಮರಳಿದಾಗ ಎದುರು ಮನೆಯ ಶಟರು ಇನ್ನೂ ಇಳಿದೇ ಇದ್ದಿತು. ದೀಪಾವಳಿಯ ಹೊತ್ತಿಗೆ ಮಗನು ಫೋನಿನಲ್ಲಿ ಸುದ್ದಿ ಹೇಳಿದನು: ಮುದುಕಿ ಮನೆಗೆ ಬಂದಿದ್ದಾಳೆ, ಲಾಡಿಯನ್ನೆಳೆಯುವ ಶಕ್ತಿಯಿಲ್ಲ, ಅವಳ ಮಗಳು ಶಟರಿಗೆ ವಿದ್ಯುತ್ತಿನ ಮೋಟಾರು ಹಾಕಿಸಿದ್ದಾಳೆ. ಗುಂಡಿಯೊತ್ತಿದರೆ ಸಾಕು, ಬೇಕಾದರೆ ಗಡಿಯಾರಕ್ಕೆ ಜೋಡಿಸಿದರೆ ಹೊತ್ತಿಗೆ ಸರಿಯಾಗಿ ತಾನೇ ಏಳುತ್ತದೆ, ಮನೆಯಲ್ಲಿ ಯಾರೂ ಇಲ್ಲದಿದ್ದರೂ ಇದ್ದಂತೆ ತೋರುತ್ತದೆ.

ವೃದ್ಧರು ಕೆಲವು ಕ್ಷಣ ಸುಮ್ಮನಿದ್ದು, “ಆಕೆಯದನ್ನು ಗಡಿಯಾರಕ್ಕೆ ಜೋಡಿಸಿದ್ದಾರೆಯೋ?” ಎಂದು ಕೇಳಿದರು.

“ಇಲ್ಲ ಅಪ್ಪಯ್ಯ. ಮಗಳು ಜೋಡಿಸುತ್ತೇನೆಂದಳಂತೆ, ಅವಳೇ ಬೇಡವೆಂದಳು. ತಾನೇ ಒತ್ತುತ್ತಾಳೆ.”

“ಏಳಕ್ಕೋ?”

“ಈಗ ಚಳಿಯಲ್ಲವೇ, ಎಂಟಾಗುತ್ತದೆ.”