ಬೊಂಬೆ ಪುಸ್ತಕ ಕಲಿಸಿದ ಕನ್ನಡ

ಮಗು ಚಿತ್ರಕಥೆ ಹಿಡಿದು ಕೂತಿತೆಂದರೆ "ಬೊಂಬೆ ನೋಡಿದ್ದು ಸಾಕು, ಪಾಠ ಓದು" ಎಂದು ಗದರುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಆದರೆ ನಮ್ಮ ಮನೆಯಲ್ಲಿ ಕನ್ನಡದ ಓದು ಹತ್ತಿದ್ದೇ ಈ ಬೊಂಬೆ ಪುಸ್ತಕಗಳಿಂದ. ಓದುವ ಮಕ್ಕಳಿರುವ ಸೋದರಿಯರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನನ್ನ ಕಿರಿಯ ಮಗ ಇಂಗ್ಲಿಷ್ ಮೀಡಿಯಂನಲ್ಲಿ ಮೂರನೇ ಕ್ಲಾಸು. ಮಾತಿಗೆ ನಿಂತರೆ ಅರಳು ಹುರಿದಂತೆ ಕನ್ನಡ. ಪುಸ್ತಕ ತೆರೆದರೆ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ಒತ್ತಕ್ಷರ ಬಂದರಂತೂ ಕಣ್ಣಲ್ಲಿ ನೀರು. ಊರಿನಲ್ಲಿರುವ ನನ್ನ ತಂದೆಯವರಿಗೆ ಕಿವಿ ಮಂದ, ಫೋನಿನ ಮಾತು ಕೇಳಿಸದು. ಮೊಮ್ಮಗನ ಜೊತೆ ಮಾತಾಡಲು ಅವರಿಗಿರುವ ದಾರಿ ಕಾಗದ ಒಂದೇ. ಅವರು ದುಂಡಗೆ ಬರೆದು ಕಳಿಸಿದ ಕಾರ್ಡನ್ನು ಇವನು ತಿರುಗಿಸಿ ಮುರುಗಿಸಿ ನೋಡಿ, "ಅಮ್ಮಾ, ನೀನೇ ಓದು" ಎಂದು ನನ್ನ ಕೈಗಿಟ್ಟು ಆಡಲು ಓಡುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

ಯಜಮಾನರು ಟ್ಯೂಷನ್ ಹಾಕೋಣವೆಂದರು. ಅಷ್ಟರಲ್ಲಿ ಅಟ್ಟ ಗುಡಿಸುವಾಗ ಅವರದೇ ಹಳೇ ಟ್ರಂಕಿನಲ್ಲಿ ಅಮರ ಚಿತ್ರಕಥೆ, ಬಾಲಮಂಗಳಗಳು ಸಿಕ್ಕವು. ಡಿಂಗನ ಚಿತ್ರ ಕಂಡದ್ದೇ ಮಗ ಅಲ್ಲೇ ಕೂತ. "ಇವನು ಏನು ಹೇಳ್ತಿದ್ದಾನಮ್ಮಾ?" ಅಂದ. "ನನ್ನ ಕೈಯೆಲ್ಲ ಧೂಳು, ನೀನೇ ನೋಡಿ ಹೇಳು" ಅಂದೆ. ತಡವರಿಸುತ್ತಾ ಓದಿಯೇಬಿಟ್ಟ! ಅರ್ಧ ಅರ್ಥವನ್ನು ಚಿತ್ರವೇ ಹೇಳುತ್ತದೆ. ಉಳಿದರ್ಧ ತಿಳಿಯುವ ಆಸೆ ಅಕ್ಷರ ಓದಿಸುತ್ತದೆ.

ಅಮರ ಚಿತ್ರಕಥೆಯ ಅನಂತ ಪೈ ನಮ್ಮ ಕಾರ್ಕಳದವರು. 1967ರಲ್ಲಿ ದೆಹಲಿ ದೂರದರ್ಶನದ ಕ್ವಿಜ್‌ನಲ್ಲಿ ಗ್ರೀಕ್ ಪುರಾಣ ಬಲ್ಲ ಮಕ್ಕಳು ರಾಮನ ತಾಯಿ ಯಾರೆಂದು ಹೇಳಲಾರದೆ ಹೋದದ್ದನ್ನು ನೋಡಿ ಅವರಿಗೆ ನಮ್ಮ ಕಥೆಗಳನ್ನು ಚಿತ್ರದಲ್ಲಿ ಹೇಳುವ ಯೋಚನೆ ಬಂತಂತೆ. ಅದಕ್ಕೂ ಮೊದಲೇ, 1965ರಲ್ಲಿ, ಇದೇ ಮಾಲೆ ಕನ್ನಡದಲ್ಲಿ ಶುರುವಾಗಿತ್ತು. ಆಗ ಬಂದದ್ದು ಸಿಂಡ್ರೆಲಾದಂಥ ಪರದೇಶದ ಕಥೆಗಳು.

ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ನಮ್ಮ ಪಾಠ. ಮೊದಲು ಅಕ್ಷರ ಮುಟ್ಟದೆ ಚಿತ್ರ ನೋಡಿ ಕಥೆ ಊಹಿಸಿ ಹೇಳಬೇಕು. ಆಮೇಲೆ ಪಾತ್ರ ಹಂಚಿಕೊಂಡು ಓದುವುದು. "ಬೊಂಬೆ ನೋಡಿದರೆ ವಿದ್ಯೆ ಬರುತ್ತಾ?" ಎನ್ನುತ್ತಿದ್ದ ನಮ್ಮ ಅತ್ತೆಯವರು ಮೂರನೇ ದಿನ ಕನ್ನಡಕ ಹಾಕಿಕೊಂಡು ಬಂದು ರಾಕ್ಷಸನ ಪಾತ್ರ ಕೇಳಿದರು!

ಚಿತ್ರದ ಮೇಲಿನ ಚೌಕದಲ್ಲಿ "ರಾಜನು ಕಾಡಿಗೆ ಹೋಗುತ್ತಾನೆ" ಎಂಬಂಥ ಪುಸ್ತಕದ ಭಾಷೆ. ಬಲೂನಿನೊಳಗೆ "ನಾನೂ ಬರ್ತೀನಿ" ಎಂಬ ಮಾತಿನ ಭಾಷೆ. ಪರೀಕ್ಷೆಗೆ ಯಾವುದು ಬರೆಯಬೇಕೆಂದು ನಾನು ಹೇಳಿಕೊಡಬೇಕಾಗಲಿಲ್ಲ. ಧಡಾರ್, ಸರಸರ, ಪಟಪಟ ಎಂದು ದಪ್ಪಗೆ ಬರೆದಿರುತ್ತಾರಲ್ಲ, ನಾನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಅನುಕರಣಾವ್ಯಯ ಅದೇ. ಇವನು ಒಗ್ಗರಣೆಯ ಚಟಪಟದಲ್ಲೇ ಅದನ್ನು ಕಲಿತ. ದಿನಕ್ಕೆ ಒಂದು ಪುಟದಿಂದ ಐದು ಒತ್ತಕ್ಷರದ ಪದ ಹುಡುಕಿ ಬರೆಯುವುದು ಇನ್ನೊಂದು ಆಟ. ಕಡೆಗೆ ಬಲೂನಿನ ಮೇಲೆ ಸಣ್ಣ ಚೀಟಿ ಇಟ್ಟು ಸ್ವಂತ ಮಾತು ಬರೆಯುವುದು. ಚೀಟಿಗೆ ಅಂಟು ಹಚ್ಚಬೇಡಿ, ಪುಸ್ತಕ ಹಾಳಾಗುತ್ತದೆ.

ನಾಲ್ಕು ತಿಂಗಳಾದ ಮೇಲೆ ಬಂದ ಕಾರ್ಡನ್ನು ಮಗ ಗೇಟಿನ ಹತ್ತಿರವೇ ನಿಂತು ಓದಿದ. ಎರಡು ಕಡೆ ತಡವರಿಸಿದ, ನನ್ನನ್ನು ಕರೆಯಲಿಲ್ಲ. ಉತ್ತರದಲ್ಲಿ ತನ್ನ ಬೊಂಬೆ ಬರೆದು, ಬಲೂನು ಹಾಕಿ, "ಅಜ್ಜಾ, ಹಲಸಿನ ಹಪ್ಪಳ ಮುಗಿಯಿತು" ಎಂದು ಬರೆದ. ಮುಂದಿನ ಕಾರ್ಡಿನಲ್ಲಿ ಅಜ್ಜನೂ ನಡುಗುವ ಕೈಯಲ್ಲಿ ಒಂದು ಬಲೂನು ಬರೆದಿದ್ದರು.

ಚಿತ್ರಕಥೆಯೊಂದೇ ಸಾಲದು ನಿಜ. ಬಲೂನಿನಲ್ಲಿ ತುಂಡು ಮಾತುಗಳೇ ಹೆಚ್ಚು, ಉದ್ದ ವಾಕ್ಯ ರೂಢಿಯಾಗುವುದಿಲ್ಲ. ಅದಕ್ಕೇ ಈಗ ಪುಟಕ್ಕೊಂದು ಚಿತ್ರವಿರುವ ಕಥೆಪುಸ್ತಕಕ್ಕೆ ದಾಟಿದ್ದೇವೆ. ಬಾಲಮಂಗಳ, ಚಂದಮಾಮ ಮೊದಲಿನಂತೆ ಅಂಗಡಿಗೆ ಬರುತ್ತಿಲ್ಲ. ನಿಮ್ಮೂರಿನ ಲೈಬ್ರರಿಯಲ್ಲಿ, ಹಳೇ ಪೇಪರ್ ಅಂಗಡಿಯಲ್ಲಿ, ನೆಂಟರ ಅಟ್ಟದಲ್ಲಿ ವಿಚಾರಿಸಿ. ಸಿಕ್ಕಿದರೆ ತಂದು ಮಗುವಿನ ಪಕ್ಕದಲ್ಲಿ ಕೂತು, ನೀವೂ ಒಂದು ಪಾತ್ರ ತೆಗೆದುಕೊಳ್ಳಿ.