ತೆರೆಯ ಮೇಲೆ ಕಂಡ ಚೆನ್ನಮ್ಮ

ಚರಿತ್ರೆಯ ಪುಟಗಳಲ್ಲಿ ವೀರರ ಹೆಸರುಗಳು ದೊರೆಯುತ್ತವೆ. ಅವರ ಮನೆಯೊಳಗಿನ ದುಃಖ ಕಾಣುವುದು ಅಪರೂಪ. ಕಿತ್ತೂರಿನ ರಾಣಿ ಚೆನ್ನಮ್ಮ ಎಂದೊಡನೆ ಕುದುರೆಯೂ ಖಡ್ಗವೂ ನಮ್ಮ ಕಣ್ಣೆದುರು ನಿಲ್ಲುತ್ತವೆ. ಆ ಖಡ್ಗವನ್ನು ಹಿರಿದ ಕೈ ಸಾವಿನ ಮೇಲೆ ಸಾವನ್ನು ಕಂಡ ಮನೆಯೊಡತಿಯದು ಎಂಬುದನ್ನು ನನಗೆ ಮನಗಾಣಿಸಿದುದು ಒಂದು ಚಲನಚಿತ್ರ.

ಬಿ. ಆರ್. ಪಂತುಲು ಅವರು ನಿರ್ದೇಶಿಸಿದ 'ಕಿತ್ತೂರು ಚೆನ್ನಮ್ಮ' ತೆರೆಕಂಡುದು 1961ರಲ್ಲಿ. ಬಿ. ಸರೋಜಾದೇವಿಯವರು ಚೆನ್ನಮ್ಮನಾಗಿ, ರಾಜಕುಮಾರ್ ಅವರು ಮಲ್ಲಸರ್ಜನಾಗಿ ಅಭಿನಯಿಸಿದ್ದರು. ಹತ್ತು ಹನ್ನೆರಡು ವರುಷಗಳ ತರುವಾಯ, ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ, ಸಂಚಾರಿ ಟೆಂಟಿನೊಡನೆ ಅದು ಬೈಲಹೊಂಗಲಕ್ಕೆ ಬಂದಿತು. ಸವದತ್ತಿಯ ಕಡೆಯ ಹಳ್ಳಿಗಳ ಜನ ಚಕ್ಕಡಿ ಹೂಡಿಕೊಂಡು, ಬುತ್ತಿ ಕಟ್ಟಿಕೊಂಡು ಬಂದಿದ್ದರು. ರಾಮದುರ್ಗದಿಂದ ನಮ್ಮ ಸೋದರತ್ತೆಯೂ ಬಂದಿದ್ದಳು. ಎಳೆವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡ ಆಕೆ ಬಂಧುಗಳ ಕೂಸೊಂದನ್ನು ದತ್ತಕ ತೆಗೆದುಕೊಂಡಿದ್ದಳು. ಹೊಲದ ಆಸೆಗೆ ದಾಯಾದಿಗಳು ಅದನ್ನು ಒಪ್ಪದೆ ಆಕೆಯನ್ನು ಕೋರ್ಟು ಕಚೇರಿಗಳಿಗೆ ಅಲೆಸಿದ್ದರು.

ತೆರೆಯ ಮೇಲೆ ಥ್ಯಾಕರೆ ದತ್ತಕವನ್ನು ತಳ್ಳಿಹಾಕಿದಾಗ ಟೆಂಟಿನ ತುಂಬ ಕೋಪದ ಕೂಗೆದ್ದಿತು. ಅತ್ತೆ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು ಮೆಲ್ಲನೆ ನುಡಿದಳು: "ಉಡಿಯಾಗ ಹಾಕ್ಕೊಂಡ ಕೂಸಿಗೆ ನನ್ನ ಮಗಾ ಅನ್ನಾಕ ಇಂವನ ಅಪ್ಪಣಿ ಬೇಕೇನು?"

ಕಿತ್ತೂರಿನ ಕಥೆಯ ತಿರುಳೆಲ್ಲ ಆ ಮಾತಿನಲ್ಲಿದೆ. ದೊರೆ ಮಲ್ಲಸರ್ಜನು 1816ರಲ್ಲಿ ತೀರಿಕೊಂಡನು. ಆತನ ಬಳಿಕ ಆಳಿದ, ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರಿನಲ್ಲಿ ಸಂತಾನವಿಲ್ಲದೆ ಮಡಿದನು. ದತ್ತಕನಾಗಿ ಬಂದ ಬಾಲಕನನ್ನು ವಾರಸುದಾರನೆಂದು ಒಪ್ಪಲು ಧಾರವಾಡದ ಕಲೆಕ್ಟರ್ ಥ್ಯಾಕರೆ ನಿರಾಕರಿಸಿ, ಅರಮನೆಯ ಖಜಾನೆಗೆ ಮುದ್ರೆ ಹಾಕಿಸಿದನು. ಒಂದು ಮನೆಯ ದುಃಖವು ಹೀಗೆ ಒಂದು ನಾಡಿನ ಸ್ವಾತಂತ್ರ್ಯದ ಪ್ರಶ್ನೆಯಾಯಿತು. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಹತನಾದನು. ಸೆರೆಸಿಕ್ಕ ಸ್ಟೀವನ್ಸನ್, ಎಲಿಯಟ್ ಎಂಬ ಆಂಗ್ಲ ಅಧಿಕಾರಿಗಳ ಜೀವವನ್ನು ರಾಣಿ ಕಾಯ್ದಳು. ಕೊನೆಗೆ ಅವರನ್ನು ಬಿಟ್ಟುಕೊಟ್ಟಳು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯವು ಕೋಟೆಯನ್ನು ಹಿಡಿಯಿತು. ಮೂವತ್ತು ವರುಷಗಳ ಮೇಲೆ, 1854ರಲ್ಲಿ, ದತ್ತಕವನ್ನು ಒಪ್ಪದೆ ಝಾನ್ಸಿಯನ್ನೂ ಕಂಪನಿ ನುಂಗಿತು.

ಸೆರೆಯಾಳಾದ ಚೆನ್ನಮ್ಮ ಬೈಲಹೊಂಗಲದಲ್ಲಿ ನಾಲ್ಕು ವರುಷಗಳನ್ನು ಕಳೆದು 1829ರ ಫೆಬ್ರುವರಿಯಲ್ಲಿ ಕಣ್ಣು ಮುಚ್ಚಿದಳು. ಕಾಳಗದ ದೃಶ್ಯಕ್ಕೆ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಆ ನಾಲ್ಕು ವರುಷಗಳಿಗೆ ಚಪ್ಪಾಳೆ ತಟ್ಟುವವರಾರೂ ಇರಲಿಲ್ಲ. ಕುದುರೆಯಿಲ್ಲ, ಖಡ್ಗವಿಲ್ಲ, ಹಗಲು ರಾತ್ರಿಗಳ ಏಕಾಂತ ಮಾತ್ರ. ಅದನ್ನು ಸಹಿಸುವುದಕ್ಕೂ ಶೌರ್ಯ ಬೇಕು.

ಕಿತ್ತೂರಿನ ಕೋಟೆಯನ್ನು ನೋಡಬಯಸುವ ಮಕ್ಕಳು ಬೈಲಹೊಂಗಲದಲ್ಲಿರುವ ಆಕೆಯ ಸಮಾಧಿಯನ್ನೂ ತಪ್ಪದೆ ನೋಡಬೇಕು. ಎರಡನ್ನೂ ಕಂಡವರಿಗೆ ಚೆನ್ನಮ್ಮನ ಪೂರ್ಣ ಪರಿಚಯವಾಗುತ್ತದೆ.