ಓಲ್ಡಮ್ಮಿನ ನಮ್ಮ ಹೊಸ್ತಿಲು

ವಿಲಾಯತಿ ಎಂದೊಡನೆ ನಮ್ಮ ವಾಚಕರ ಕಣ್ಣಿಗೆ ಲಂಡನ್ ನಗರದ ಅರಮನೆಗಳೂ ಥೇಮ್ಸ್ ನದಿಯ ಸೇತುವೆಗಳೂ ಕಟ್ಟುವುದು ಸಹಜವೇ. ನಾವು ಬಾಲ್ಯದಲ್ಲಿ ಕಂಡ ವಿಲಾಯತಿಯಲ್ಲಿ ಅವೊಂದೂ ಇರಲಿಲ್ಲ. ಅಲ್ಲಿ ಇದ್ದುದು ಗಿರಣಿಯ ಚಿಮಣಿಗಳು, ಮಸಿ ಹಿಡಿದ ಇಟ್ಟಿಗೆಯ ಗೋಡೆಗಳು, ಬಿಟ್ಟೂಬಿಡದ ಜಿಟಿಜಿಟಿ ಮಳೆ, ಮತ್ತು ಬೆಳಗಾದರೆ ಮೊಣಕಾಲೂರಿ ಹೊಸ್ತಿಲು ತಿಕ್ಕುವ ಹೆಂಗಸರು. ಊರಿನ ಹೆಸರು ಓಲ್ಡಮ್. ಲ್ಯಾಂಕಷೈರ್ ಸೀಮೆಯಲ್ಲಿ, ಮ್ಯಾಂಚೆಸ್ಟರಿಗೆ ಏಳೆಂಟು ಮೈಲಿ ದೂರದಲ್ಲಿ, ಗುಡ್ಡದ ಓರೆಯ ಮೇಲೆ ಕುಳಿತ ಊರು.

ತಂದೆಯವರು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಕಿರಿಯ ವೈದ್ಯರಾಗಿ ಸೇರಿದ್ದರು. ೧೯೬೬ನೆಯ ಇಸವಿಯ ಅಕ್ಟೋಬರಿನಲ್ಲಿ ಅವ್ವ ನಮ್ಮಿಬ್ಬರನ್ನು ಕರೆದುಕೊಂಡು ಧಾರವಾಡದಿಂದ ಹೊರಟು ಅವರನ್ನು ಕೂಡಿಕೊಂಡಳು. ಆಗ ನಮ್ಮಲ್ಲಿ ಒಬ್ಬಳಿಗೆ ಒಂಬತ್ತು ವರ್ಷ, ಇನ್ನೊಬ್ಬನಿಗೆ ಆರು. ಈ ಲೇಖನದಲ್ಲಿ ನಾವೆಂದರೆ ಆ ಅಕ್ಕತಮ್ಮಂದಿರು. ಯಾವ ನೆನಪು ಯಾರದೆಂದು ಬಿಡಿಸಹೋದರೆ ಈ ವಯಸ್ಸಿನಲ್ಲಿಯೂ ಜಗಳವಾಗುತ್ತದೆ, ಆದುದರಿಂದ ಬಿಡಿಸಿಲ್ಲ.

ಅದು ಹತ್ತಿಯಿಂದ ಬೆಳೆದ ಊರು. ಹತ್ತಿಯ ಒಂದು ಗಿಡವೂ ಅಲ್ಲಿ ಹುಟ್ಟದು. ಆದರೂ ಇಪ್ಪತ್ತನೆಯ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ಫ್ರಾನ್ಸ್ ಜರ್ಮನಿಗಳೆರಡೂ ಕೂಡಿ ನೂಲುವುದಕ್ಕಿಂತ ಹೆಚ್ಚಿನ ಅರಳೆಯನ್ನು ಈ ಒಂದು ಊರು ನೂಲುತ್ತಿದ್ದಿತು. ೧೮೬೧ರಿಂದ ೧೮೬೫ರ ವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿಯ ಅರಳೆ ಬರುವುದು ನಿಂತು, ಲ್ಯಾಂಕಷೈರಿನ ಕೂಲಿಗಳು ಗಂಜಿಗೆ ಗತಿಯಿಲ್ಲದೆ ಕುಳಿತಾಗ, ಗಿರಣಿಯವರ ಕಣ್ಣು ನಮ್ಮ ಧಾರವಾಡದ ಎರೆಯ ಹೊಲಗಳ ಮೇಲೆ ಬಿದ್ದಿದ್ದಿತು. ಆ ಹತ್ತಿಯನ್ನು ಸಾಗಿಸುವ ಸಲುವಾಗಿ ಕಾರವಾರದ ಬಂದರನ್ನು ಬೆಳೆಸಬೇಕೆಂದು ಅವರು ಸರ್ಕಾರದ ಬೆನ್ನು ಹತ್ತಿದ್ದರು. ಪರಸ್ಥಳವೆಂದು ನಾವು ಅಳುಮೋರೆ ಹಾಕಿದಾಗಲೆಲ್ಲ ತಂದೆಯವರು ಇದನ್ನೇ ಹೇಳುವರು: “ನಾವೇನು ಇಲ್ಲಿಗೆ ಹೊಸಬರಲ್ಲ. ನಮ್ಮೂರ ಅರಳಿ ನಮಗಿಂತ ನೂರು ವರ್ಷ ಮುಂಚೇನ ಬಂದೈತಿ.” ನಮಗೆ ಅದರಿಂದ ಹೆಚ್ಚಿನ ಸಮಾಧಾನವಾಗುತ್ತಿದ್ದಿತೆಂದು ಹೇಳಲಾರೆವು.

ನಾವು ಹೋಗುವ ವೇಳೆಗೆ ಗಿರಣಿಗಳು ಒಂದೊಂದಾಗಿ ಮುಚ್ಚುತ್ತಲಿದ್ದವು. ಆದರೂ ಚಿಮಣಿಗಳೇನೋ ನಿಂತಿದ್ದವು. ಕೆಲವುಗಳ ಮೈಮೇಲೆ ಗಿರಣಿಯ ಹೆಸರನ್ನು ಬಿಳಿಯ ಇಟ್ಟಿಗೆಯ ದೊಡ್ಡ ಅಕ್ಷರಗಳಲ್ಲಿ ಮೇಲಿನಿಂದ ಕೆಳಕ್ಕೆ ಕಟ್ಟಿದ್ದರು. ನಮ್ಮಲ್ಲಿ ಕಿರಿಯವನು ಇಂಗ್ಲಿಷ್ ಅಕ್ಷರಗಳನ್ನು ಕಲಿತುದು ಆ ಚಿಮಣಿಗಳಿಂದಲೇ. ಶಾಲೆಯಲ್ಲಿ ಹೆಸರು ಬರೆಯೆಂದಾಗ ಅವನು ಅದನ್ನು ಹಾಗೆಯೇ ಮೇಲಿನಿಂದ ಕೆಳಕ್ಕೆ ಬರೆದು ನಗೆಗೀಡಾದನು.

ಮನೆ ಬಾಡಿಗೆಯದು, ಮೇಲೆ ಎರಡು ಕೋಣೆ, ಕೆಳಗೆ ಎರಡು. ಬೀದಿಯ ಈ ತುದಿಯಿಂದ ಆ ತುದಿಯ ವರೆಗೆ ಒಂದಕ್ಕೊಂದು ಅಂಟಿಕೊಂಡ ಒಂದೇ ಅಚ್ಚಿನ ಮನೆಗಳು. ಕಟ್ಟೆಯಿಲ್ಲ, ಪಡಸಾಲೆಯಿಲ್ಲ, ಬಾಗಿಲು ತೆರೆದರೆ ಒಂದು ಕಲ್ಲಿನ ಮೆಟ್ಟಿಲು, ಅದರಾಚೆಗೆ ಬೀದಿ. ಕಕ್ಕಸು ಹಿತ್ತಲ ಮೂಲೆಯಲ್ಲಿ. ಚಳಿಗಾಲದಲ್ಲಿ ಅದರ ನೀರು ಹೆಪ್ಪುಗಟ್ಟದಿರಲೆಂದು ಒಂದು ಸಣ್ಣ ಎಣ್ಣೆಯ ದೀಪವನ್ನು ಒಳಗೆ ಉರಿಸಿಡುತ್ತಿದ್ದೆವು. ವಾರಕ್ಕೊಮ್ಮೆ ಕಲ್ಲಿದ್ದಲಿನವನು ಬಂದು, ನೂರಹನ್ನೆರಡು ಪೌಂಡು ತೂಕದ ಚೀಲವನ್ನು ಬೆನ್ನಿನ ಮೇಲೆ ಹೊತ್ತು ಹಿತ್ತಲಲ್ಲಿ ಸುರುವಿ ಹೋಗುವನು. ಸೋಮವಾರ ಎಲ್ಲರ ಮನೆಯಲ್ಲಿಯೂ ಬಟ್ಟೆ ಒಗೆಯುವ ದಿನ. ಹಿಂದಿನ ಓಣಿಗೆ ಅಡ್ಡಡ್ಡಲಾಗಿ ಹಗ್ಗಗಳನ್ನು ಕಟ್ಟಿ ಒಗೆದ ಹಾಸಿಗೆಯ ಬಟ್ಟೆಗಳನ್ನು ಹರವುವರು. ಅವುಗಳ ನಡುವೆ ನಮ್ಮ ಅವ್ವನ ಇಳಕಲ್ ಸೀರೆಯೊಂದು ಕೆಂಪು ಸೆರಗನ್ನು ಬೀಸುತ್ತ ಹಾರಾಡುತ್ತಿದ್ದಿತು. ಬೆಳಕು ಹರಿಯುವ ಮುನ್ನವೇ ಹಾಲಿನ ಸೀಸೆಗಳು ಮೆಟ್ಟಿಲ ಮೇಲೆ ಬಂದು ಕುಳಿತಿರುತ್ತಿದ್ದವು. ನೀಲಿಯ ತಲೆಯ ಒಂದು ಪುಟ್ಟ ಹಕ್ಕಿ ಸೀಸೆಯ ತಗಡಿನ ಮುಚ್ಚಳವನ್ನು ಕುಕ್ಕಿ ಮೇಲಿನ ಕೆನೆಯನ್ನು ಕುಡಿದು ಹೋಗುವುದು ಅಲ್ಲಿನವರಿಗೆ ನಿತ್ಯದ ಮಾತು. ಎಂಜಲಾಯಿತೆಂದು ಅವ್ವ ಮೊದಲ ವಾರವೆಲ್ಲ ಆ ಹಾಲನ್ನು ಚೆಲ್ಲಿದಳು. ಆಮೇಲೆ ಪಕ್ಕದ ಮನೆಯವರನ್ನು ನೋಡಿ ಸೀಸೆಯ ಮೇಲೆ ಬೋರಲು ಹಾಕಲು ಬಟ್ಟಲೊಂದನ್ನು ರಾತ್ರಿಯೇ ಹೊರಗಿಡುವುದನ್ನು ಕಲಿತಳು.

ಹೋದ ಹದಿನೈದು ದಿನಗಳಲ್ಲಿಯೇ ನವೆಂಬರ್ ಐದನೆಯ ತಾರೀಖು ಬಂದಿತು. ೧೬೦೫ರಲ್ಲಿ ಪಾರ್ಲಿಮೆಂಟಿನ ಕೆಳಗೆ ಮದ್ದಿಟ್ಟು ಸಿಕ್ಕಿಬಿದ್ದ ಗೈ ಫಾಕ್ಸ್ ಎಂಬವನ ಬೊಂಬೆಯನ್ನು ಸುಡುವ ರಾತ್ರಿ ಅದು. ಬೀದಿಯ ಹುಡುಗರು ಹಳೆಯ ಷರಾಯಿ ಅಂಗಿಗಳಿಗೆ ಕಾಗದ ತುಂಬಿ ಬೊಂಬೆ ಮಾಡಿ, ತಳ್ಳುಗಾಡಿಯಲ್ಲಿ ಕೂರಿಸಿ, ದಾರಿಹೋಕರಿಂದ ಪೆನ್ನಿ ಬೇಡುತ್ತಿದ್ದರು. ಕತ್ತಲಾದ ಮೇಲೆ ಪಕ್ಕದ ಬೀದಿಯವರ ಕಟ್ಟಿಗೆಯನ್ನು ಕದಿಯುತ್ತಿದ್ದರು. ಧಾರವಾಡದ ಹುಡುಗರಿಗೆ ಇದನ್ನು ಯಾರಾದರೂ ಕಲಿಸಬೇಕೆ? ಹೋಳಿಹುಣ್ಣಿಮೆಯಲ್ಲಿ ಕಾಮಣ್ಣನಿಗಾಗಿ ಕಟ್ಟಿಗೆ ಕುಳ್ಳು ಕದ್ದ ಕೈ ನಮ್ಮದು. ಆ ರಾತ್ರಿ ನಾವು ತಂದ ಒಂದು ಮುರುಕು ಬಾಗಿಲನ್ನು ಕಂಡು ಬೀದಿಯ ಹುಡುಗರೆಲ್ಲ ನಮ್ಮನ್ನು ತಮ್ಮವರೆಂದು ಒಪ್ಪಿಕೊಂಡರು. ಬೆಂಕಿಯ ಸುತ್ತ ನಿಂತು ಎಲ್ಲರೂ ಬೇಯಿಸಿದ ಕಪ್ಪು ಬಟಾಣಿಗೆ ಹುಳಿರಸ ಹಾಕಿಕೊಂಡು ತಿಂದರು. ಅವ್ವ ಒಂದು ಚಮಚ ಬಾಯಿಗೆ ಹಾಕಿಕೊಂಡು, ಉಸುಳಿಯೇ ಹೌದು, ಆದರೆ ಒಗ್ಗರಣೆ ಹಾಕುವುದನ್ನು ಮರೆತಿದ್ದಾರೆ ಎಂದಳು. ಆಲೂಗಡ್ಡೆಯ ಕರಿದ ತುಂಡುಗಳ ವಿಷಯದಲ್ಲಿ ಮಾತ್ರ ಆಕೆಯ ಸಂಶಯವೇ ನಿಜವಾಯಿತು. ಬೀದಿಯ ಕೊನೆಯ ಅಂಗಡಿಯವನು ಅವನ್ನು ದನದ ಕೊಬ್ಬಿನಲ್ಲಿ ಕರಿಯುವುದಾಗಿ ತಾನೇ ಪ್ರಾಮಾಣಿಕವಾಗಿ ಹೇಳಿದನು. ಅಷ್ಟರಲ್ಲಿ ನಾವು ಎಷ್ಟು ಪೊಟ್ಟಣಗಳನ್ನು ತಿಂದಿದ್ದೆವೆಂಬುದನ್ನು ಇಲ್ಲಿ ಬರೆಯುವುದು ಬೇಡ.

ಇನ್ನು ಹೊಸ್ತಿಲ ಮಾತು. ಆ ಊರುಗಳಲ್ಲಿ ಗೃಹಿಣಿಯ ಮರ್ಯಾದೆಯೆಲ್ಲ ಮನೆಯ ಮುಂದಿನ ಮೆಟ್ಟಿಲಿನ ಮೇಲೆ ನಿಂತಿದ್ದಿತು. ಮೆಟ್ಟಿಲನ್ನು ನೀರಿನಿಂದ ತಿಕ್ಕಿ ತೊಳೆದು, ಅದು ಹಸಿಯಾಗಿರುವಾಗಲೇ ಅಂಚಿಗೆ ಒಂದು ಮೆದುಗಲ್ಲಿನಿಂದ ಬಿಳಿಯ ಇಲ್ಲವೆ ಕೆನೆಬಣ್ಣದ ಪಟ್ಟಿಯನ್ನು ಎಳೆಯುವರು. ಕಲ್ಲಿನ ಪುಡಿ, ಸಿಮೆಂಟು, ಬಿಳುಪು ಮಾಡುವ ಪುಡಿಗಳನ್ನು ಕಲಸಿ ಅಚ್ಚು ಹಾಕಿದ ಆ ಬಿಲ್ಲೆಗೆ ಕತ್ತೆಕಲ್ಲೆಂದು ಹೆಸರು. ಮ್ಯಾಂಚೆಸ್ಟರಿನ ಒಬ್ಬ ತಯಾರಕರು ಕತ್ತೆಯ ಚಿತ್ರವನ್ನು ತಮ್ಮ ಗುರುತಾಗಿ ಅದರ ಮೇಲೆ ಒತ್ತುತ್ತಿದ್ದುದರಿಂದ ಬಂದ ಹೆಸರಂತೆ. ಮೊದಲು ಗಿರಣಿಗಳಲ್ಲಿ, ಎಣ್ಣೆ ಬಿದ್ದು ಜಾರುವ ಮೆಟ್ಟಿಲುಗಳಿಗೆ ಇದನ್ನು ಉಜ್ಜುತ್ತಿದ್ದರು. ಅಲ್ಲಿಂದ ಅದು ಮನೆಗಳಿಗೆ ಬಂದಿತು. ಅಂಗಡಿಗೆ ಹೋಗಿ ಕೊಳ್ಳುವವರು ಕಡಮೆ. ಹಳೆಯ ಬಟ್ಟೆ ಕೊಳ್ಳುವವನು ಕುದುರೆಗಾಡಿಯಲ್ಲಿ ಕೂಗುತ್ತ ಬಂದಾಗ ಚಿಂದಿಬಟ್ಟೆ ಕೊಟ್ಟು ಅವನಿಂದ ಕಲ್ಲನ್ನು ಪಡೆಯುವರು.

ಅವ್ವನೂ ಒಂದು ಹರಿದ ಕಂಬಳಿ ಕೊಟ್ಟು ಎರಡು ಬಿಳಿಯ ಕಲ್ಲು ತೆಗೆದುಕೊಂಡಳು. ತೆಗೆದುಕೊಂಡವಳು ಒಂದನ್ನು ಒರಳಿನಲ್ಲಿ ಹಾಕಿ ಕುಟ್ಟಿ ಪುಡಿಮಾಡಿದಳು! ಧಾರವಾಡದಿಂದ ತಂದ ರಂಗೋಲಿ ತೀರಿಹೋಗಿ ಎರಡು ತಿಂಗಳಾಗಿದ್ದಿತು. ಮರುದಿನ ಮುಂಜಾನೆ ನಮ್ಮ ಮನೆಯ ಮುಂದೆ ಐದು ಚುಕ್ಕಿಯ ರಂಗೋಲಿ ಬಿದ್ದಿತು. ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ. ಹದಿನಾಲ್ಕನೆಯ ವಯಸ್ಸಿನಿಂದ ನೂಲಿನ ಗಿರಣಿಯಲ್ಲಿ ದುಡಿದು ಕಿವಿ ಮಂದವಾದವಳು. ಎಲ್ಲರನ್ನೂ ‘ಲವ್’ ಎಂದೇ ಕರೆಯುವವಳು. ಹೊಸದರಲ್ಲಿ ಅವ್ವ ಆ ಮಾತಿಗೆ ನಾಚಿ ಒಳಗೆ ಓಡಿಬರುತ್ತಿದ್ದಳು. ಆ ಮುದುಕಿ ರಂಗೋಲಿಯನ್ನು ಬಹಳ ಹೊತ್ತು ನೋಡಿ, ಏನೂ ಅನ್ನದೆ ಒಳಗೆ ಹೋಗಿ, ಬಕೀಟು ಚಿಂದಿಗಳನ್ನು ತಂದು, ನಮ್ಮ ಮೆಟ್ಟಿಲನ್ನು ತಾನೇ ತಿಕ್ಕಿ ಅಂಚಿಗೆ ಪಟ್ಟಿ ಎಳೆದು ತೋರಿಸಿದಳು. ರಂಗೋಲಿಯ ಒಂದು ಎಳೆಯನ್ನೂ ತುಳಿಯಲಿಲ್ಲ. ಅಂದಿನಿಂದ ಅವ್ವ ಎರಡನ್ನೂ ಮಾಡತೊಡಗಿದಳು: ಮೆಟ್ಟಿಲಿಗೆ ಪಟ್ಟಿ, ಅದರ ಮುಂದಿನ ಚಪ್ಪಡಿಗೆ ರಂಗೋಲಿ.

ನಮಗೆ ಅದು ಸೇರಲಿಲ್ಲ. ಶಾಲೆಯಲ್ಲಿ ಯಾರೋ ಒಬ್ಬರು, ನಿಮ್ಮಮ್ಮ ಬಾಗಿಲಲ್ಲಿ ಮಾಟ ಬರೆಯುತ್ತಾಳಂತೆ ಎಂದರು. ಆ ಮಾತು ಶಾಲೆಯ ಹಾಲು ಕುಡಿಯುವ ವೇಳೆಗೆ, ಒಬ್ಬೊಬ್ಬರಿಗೂ ಮೂರನೆಯ ಒಂದು ಪೈಂಟಿನ ಸೀಸೆಯನ್ನು ಹಂಚುವ ಆ ಗದ್ದಲದಲ್ಲಿ, ತರಗತಿಯೆಲ್ಲ ಸುತ್ತಿಬಂದಿತು. ಕಟ್ಟಿಗೆ ಕದ್ದು ಗಳಿಸಿದ ಗೌರವ ಒಂದೇ ದಿನದಲ್ಲಿ ಹೋಯಿತು. ಮರುದಿನ ಅವ್ವ ರಂಗೋಲಿ ಹಾಕಿ ಒಳಗೆ ಚಹಕ್ಕೆ ನೀರಿಟ್ಟಾಗ ನಾವು ಒಂದು ತಂಬಿಗೆ ನೀರನ್ನು ಅದರ ಮೇಲೆ ಸುರಿದು ಶಾಲೆಗೆ ಹೋದೆವು. ಸುರಿದವರು ಯಾರೆಂಬುದು ಇಂದಿಗೂ ತೀರ್ಮಾನವಾಗಿಲ್ಲ. ತಂಬಿಗೆ ತಂದವರು ಒಬ್ಬರು, ಸುರಿದವರು ಇನ್ನೊಬ್ಬರು ಎಂಬ ವರೆಗೆ ಮಾತ್ರ ಒಪ್ಪಿಗೆಯಿದೆ. ಸಂಜೆ ಅವ್ವ ಕೇಳಿದಳು: “ಯಾಕೋ, ಮುಂಜಾನೆ ಮಳಿ ಬಂದಿತ್ತೇನು?” ಬಂದಿತ್ತೆಂದು ಇಬ್ಬರೂ ಒಟ್ಟಿಗೆ ಹೇಳಿದೆವು. ಓಲ್ಡಮ್ಮಿನಲ್ಲಿ ಮಳೆ ಬಂದಿತೆಂಬ ಸುಳ್ಳನ್ನು ಯಾರು ತಾನೇ ಹಿಡಿದಾರು?

ಹೀಗೆ ನಾಲ್ಕು ದಿನ ನಡೆಯಿತು. ಐದನೆಯ ದಿನ ತಲೆಯೆತ್ತಿ ನೋಡಿದರೆ ಪಕ್ಕದ ಮನೆಯ ಮುದುಕಿ ತನ್ನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಬೈಯಲಿಲ್ಲ. “ನಿಮ್ಮಮ್ಮ ಆ ಚಳಿಯಲ್ಲಿ ಮೊಣಕಾಲೂರಿ ಕೂತಿದ್ದಳು,” ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು. ಅಂದು ಶಾಲೆಯಲ್ಲಿ ಆ ಹಾಲು ನಮಗೆ ಗಂಟಲಲ್ಲಿ ಇಳಿಯಲಿಲ್ಲ. ಮತ್ತೆ ನಾವು ನೀರು ಸುರಿಯಲಿಲ್ಲ. ಆದರೆ ರಂಗೋಲಿಯನ್ನು ದಾಟಿ ಬೇಗಬೇಗನೆ ಬೀದಿಯ ತಿರುವಿಗೆ ಓಡುವುದನ್ನು ಬಿಡಲು ಇನ್ನೂ ಒಂದು ವರ್ಷ ಬೇಕಾಯಿತು.

ಆ ಮುದುಕಿಗೂ ಅವ್ವನಿಗೂ ಬೆಳೆದ ಸ್ನೇಹಕ್ಕೆ ಭಾಷೆಯ ಸಹಾಯವೇನೂ ಇರಲಿಲ್ಲ. ಒಬ್ಬಳಿಗೆ ಇಂಗ್ಲಿಷ್ ಬಾರದು. ಇನ್ನೊಬ್ಬಳು ಆಡುವ ಲ್ಯಾಂಕಷೈರಿನ ಮಾತು ತಂದೆಯವರಿಗೂ ಅರ್ಥವಾಗದು. ೧೯೭೧ರ ಫೆಬ್ರವರಿ ೧೫ರಂದು ಆ ದೇಶದ ನಾಣ್ಯಪದ್ಧತಿ ಬದಲಾಯಿತು. ಅದುವರೆಗೆ ಹನ್ನೆರಡು ಪೆನ್ನಿಗೆ ಒಂದು ಷಿಲಿಂಗು, ಇಪ್ಪತ್ತು ಷಿಲಿಂಗಿಗೆ ಒಂದು ಪೌಂಡು. ಅಂದರೆ ಪೌಂಡಿಗೆ ಇನ್ನೂರನಲವತ್ತು ಪೆನ್ನಿ. ಇನ್ನು ಮೇಲೆ ನೂರೇ. ಅಂಗಡಿಯವರು ಮೋಸ ಮಾಡುತ್ತಾರೆಂದು ಹೆದರಿ ಮುದುಕಿ ಎರಡು ದಿನ ರೊಟ್ಟಿಯನ್ನು ಸಹ ಕೊಳ್ಳಲಿಲ್ಲ. ಅವ್ವನಿಗಾದರೋ ಇದು ಹಳೆಯ ಕಥೆ. ಹದಿನಾರು ಆಣೆ, ನೂರತೊಂಬತ್ತೆರಡು ಪೈಗಳ ರೂಪಾಯಿಯಲ್ಲಿ ಬೆಳೆದು, ೧೯೫೭ರ ಏಪ್ರಿಲಿನಲ್ಲಿ ನಯಾಪೈಸೆಯನ್ನು ಕಂಡು, ಮತ್ತೆ ಇಲ್ಲಿ ಬಂದು ಹನ್ನೆರಡರ ಲೆಕ್ಕಕ್ಕೆ ಬಿದ್ದವಳು ಆಕೆ. ಅಡುಗೆಮನೆಯ ಮೇಜಿನ ಮೇಲೆ ಹಳೆಯ ನಾಣ್ಯಗಳನ್ನು ಒಂದು ಸಾಲಾಗಿ, ಹೊಸವನ್ನು ಎದುರು ಸಾಲಾಗಿ ಇಟ್ಟು, ಒಂದು ಷಿಲಿಂಗಿಗೆ ಐದು, ಆರು ಪೆನ್ನಿಯ ಬಿಲ್ಲೆಗೆ ಎರಡೂವರೆ ಎಂದು ಬೆರಳಿನಿಂದ ತೋರಿಸಿದಳು. ಬೀದಿಯ ಇನ್ನೂ ನಾಲ್ಕು ಜನ ಹೆಂಗಸರು ಆ ವಾರ ನಮ್ಮ ಮನೆಗೆ ಬಂದರು. ತಂದೆಯವರ ಡಾಕ್ಟರಿಕೆಗಿಂತ ಅವ್ವನ ಈ ವಿದ್ಯೆಗೆ ಬೀದಿಯಲ್ಲಿ ಹೆಚ್ಚು ಹೆಸರು ಬಂದಿತು.

೧೯೭೬ರಲ್ಲಿ ನಾವು ಧಾರವಾಡಕ್ಕೆ ಹಿಂದಿರುಗಿದೆವು. ಹೊರಡುವ ದಿನ ಮುದುಕಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಗಂಟನ್ನು ಕೊಟ್ಟಳು. ಬಿಚ್ಚಿದರೆ ಆರು ಕತ್ತೆಕಲ್ಲುಗಳು. ಕಸ್ಟಮ್ಸಿನವನು ಮುಂಬಯಿಯಲ್ಲಿ ಅವನ್ನು ಮೂಸಿ ನೋಡಿ, ನೆಕ್ಕಿಯೂ ನೋಡಿ, ಕೊನೆಗೆ ಬಿಟ್ಟನು. ಓಲ್ಡಮ್ಮಿಗೆ ಹತ್ತಿರದ ಆಷ್ಟನ್ ಎಂಬ ಊರಿನಲ್ಲಿ ಈ ಕಲ್ಲುಗಳನ್ನು ಮಾಡುತ್ತಿದ್ದ ಕಾರಖಾನೆ ೧೯೭೯ರಲ್ಲಿ ಮುಚ್ಚಿತು. ಓಲ್ಡಮ್ಮಿನ ಗಿರಣಿಗಳಲ್ಲಿ ಹತ್ತಿ ನೂಲುವುದೂ ೧೯೯೮ರಲ್ಲಿ ಕೊನೆಗೊಂಡಿತು. ೨೦೧೫ರಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ಊರ ನಡುವೆ ಹೊಸ ಟ್ರಾಮು ಓಡುತ್ತಿದ್ದಿತು. ನಮ್ಮ ಬೀದಿಯಲ್ಲಿ ಒಂದು ಮಗ್ಗುಲಿನ ಮನೆಗಳು ಮಾತ್ರ ಉಳಿದಿದ್ದವು. ನಮ್ಮದು ಇನ್ನೊಂದು ಮಗ್ಗುಲು.

ಅವ್ವ ತೀರಿಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ, ದೀಪಾವಳಿಯ ದಿನ, ಉಳಿದಿದ್ದ ಕೊನೆಯ ಕಲ್ಲನ್ನು ಕುಟ್ಟಿ ರಂಗೋಲಿ ಹಾಕಲು ಕುಳಿತಿದ್ದಳು. ಮೊಣಕಾಲು ಬಗ್ಗದು, ಮಣೆಯ ಮೇಲೆ ಕುಳಿತೇ ಚುಕ್ಕಿ ಇಡುತ್ತಿದ್ದಳು. ನಾವು ಇಬ್ಬರೂ ಅಲ್ಲಿಯೇ ಇದ್ದೆವು. ಇಷ್ಟು ವರ್ಷ ಹೇಳದಿದ್ದ ಆ ತಂಬಿಗೆಯ ವಿಷಯವನ್ನು ಅಂದು ಹೇಳಿದೆವು. ಅವ್ವ ಕೈ ನಿಲ್ಲಿಸಲಿಲ್ಲ.

“ಗೊತ್ತಿತ್ತ ಬಿಡ್ರಿ,” ಎಂದಳು. “ಮಳಿ ಏನು ನಮ್ಮ ಮೆಟ್ಟಲಿಗೆ ಒಂದಕ್ಕ ಬೀಳತೈತೇನು?”

ಆಮೇಲೆ ಅರಿಸಿನ ಕುಂಕುಮದ ಬಟ್ಟಲುಗಳನ್ನು ತರಲು ನಮ್ಮನ್ನು ಒಳಗೆ ಕಳುಹಿಸಿದಳು.